ಲೆಕ್ಕದ ಪುಸ್ತಕವೇ ಪಾಠದ ಪುಸ್ತಕ

(ವಯಸ್ಕರ ಸಾಕ್ಷರತಾ ಬೋಧಕರು ಮತ್ತು ಸ್ವಸಹಾಯ ಸಂಘಗಳ ಪುಸ್ತಕ ಬರಹಗಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಸಂಘದ ಸದಸ್ಯರ ಪಾಸ್‌ಪುಸ್ತಕಗಳು ಈ ಹೊತ್ತಿನಲ್ಲಿ ಎಲ್ಲಿವೆ? ಹದಿನೈದು ಜನರ ಹದಿನೈದು ಮನೆಗಳಲ್ಲೋ, ಇಲ್ಲಾ ಒಂದೇ ಚೀಲದಲ್ಲಿ ಪುಸ್ತಕ ಬರೆಯುವವರ ಮನೆಯ ಗೂಡಿನಲ್ಲೋ? ಬಹಳ ಕಡೆ ಚೀಲದಲ್ಲೇ ಇರುತ್ತವೆ. ಮನೆಗೆ ಕೊಟ್ಟರೆ ಮಕ್ಕಳು ಗೀಚುತ್ತಾರೆ, ಮಳೆಗೆ ನೆನೆಯುತ್ತವೆ, ಸಭೆಗೆ ತರಲು ಮರೆಯುತ್ತಾರೆ ಎಂದು ಕಾರಣ ಹೇಳುತ್ತೇವೆ. ಅವೆಲ್ಲ ನಿಜವೇ. ಆದರೆ ಅದರ ಹಿಂದೆ ಇನ್ನೊಂದು ಕಾರಣವಿದೆ. ಓದಲು ಬಾರದವಳಿಗೆ ಆ ಪುಸ್ತಕ ಮನೆಯಲ್ಲಿದ್ದರೂ ಒಂದೇ, ಚೀಲದಲ್ಲಿದ್ದರೂ ಒಂದೇ. ಹಾಗಾಗಿ ಅವಳು ಕೇಳುವುದಿಲ್ಲ, ನಾವು ಕೊಡುವುದಿಲ್ಲ.

ಸಾಲ ಅವಳ ಕೈಗೆ ಬಂತು, ಲೆಕ್ಕ ಇನ್ನೊಬ್ಬರ ಕೈಯಲ್ಲಿ ಉಳಿಯಿತು. ಆಗ ಸಾಹುಕಾರನ ಜಾಗಕ್ಕೆ ಪುಸ್ತಕ ಬರೆಯುವವರು ಬಂದು ಕೂತಂತಾಯಿತು, ಅಷ್ಟೇ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವಳು ನಂಬಬೇಕಾದ ಸ್ಥಿತಿ ಬದಲಾಗಲಿಲ್ಲ. ಅಕ್ಷರವನ್ನೂ ಸಾಲವನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕಲಿಸಬೇಡಿ, ಸಂಘದ ಪುಸ್ತಕದಿಂದಲೇ ಅಕ್ಷರ ಕಲಿಸಿ ಎಂದು ಹೇಳುವುದಕ್ಕೆ ಇವತ್ತು ಇಲ್ಲಿ ನಿಂತಿದ್ದೇನೆ.

ಇವೆರಡೂ ನಮ್ಮಲ್ಲಿ ಬೇರೆ ಬೇರೆ ದಾರಿಯಲ್ಲೇ ಬಂದವು. ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರಲ್ಲಿ. ಮರುವರ್ಷ ಕರ್ನಾಟಕದಲ್ಲಿ ಹಳ್ಳಿಯ ಹೆಂಗಸರ ಶಿಕ್ಷಣಕ್ಕೆಂದು ಮಹಿಳಾ ಸಮಖ್ಯಾ ಕಾರ್ಯಕ್ರಮ ಬಂತು. ಇತ್ತ ಎಂಬತ್ತರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯದ ಗುಂಪುಗಳನ್ನು ಬೆಳೆಸಿತ್ತು. ಇಂಥ ಪ್ರಯೋಗಗಳನ್ನು ನೋಡಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000ದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಸಂಘಗಳು ಹುಟ್ಟಿದವು, ಆಮೇಲೆ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿ. ಅಕ್ಷರ ಒಂದು ಇಲಾಖೆಯದ್ದಾಯಿತು, ಸಂಘ ಇನ್ನೊಂದು ಇಲಾಖೆಯದ್ದಾಯಿತು. ಸಂಜೆ ಏಳಕ್ಕೆ ಶಾಲೆಯ ಕಟ್ಟೆಯಲ್ಲಿ 'ಅ ಆ ಇ ಈ', ಎಂಟಕ್ಕೆ ದೇವಸ್ಥಾನದ ಜಗಲಿಯಲ್ಲಿ ಸಂಘದ ಸಭೆ. ಅದೇ ಹೆಂಗಸು ಎರಡೂ ಕಡೆ ಕೂರುತ್ತಾಳೆ. ಅಲ್ಲಿ ಕಲಿತದ್ದನ್ನು ಇಲ್ಲಿ ಯಾರೂ ಬಳಸಿಕೊಳ್ಳುವುದಿಲ್ಲ.

ಎರಡೂ ಒಂದಾದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆ ಸಾಕ್ಷಿ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಕಲಿಕೆಯ ಪುಸ್ತಕದಲ್ಲಿ ಕುಡುಕ ಗಂಡನ ಮನೆಯಲ್ಲಿ ನವೆದ ಒಬ್ಬ ಹೆಣ್ಣಿನ ಕಥೆ ಇತ್ತು. ದೂಬಗುಂಟ ಎಂಬ ಊರಿನ ಹೆಂಗಸರು ಅದನ್ನು ಓದಿ, ಇದು ನಮ್ಮದೇ ಕಥೆ ಎಂದು ಎದ್ದು ಸಾರಾಯಿ ಅಂಗಡಿ ಮುಚ್ಚಿಸಿದರು. ಕಿಚ್ಚು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ 1993ರ ಅಕ್ಟೋಬರ್ 1ರಂದು ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. (ನಮ್ಮಲ್ಲಿ ಆದದ್ದು 2007ರ ಜುಲೈಯಲ್ಲಿ.) ಬಹಳ ಜನ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಸಾರಾಯಿಗೆ ಹೋಗುತ್ತಿದ್ದ ದುಡ್ಡು ಮನೆಯಲ್ಲಿ ಉಳಿದಾಗ ಅದೇ ಹೆಂಗಸರು ದಿನಕ್ಕೆ ಒಂದು ರೂಪಾಯಿಯಂತೆ ಕೂಡಿಡಲು ತೊಡಗಿದರು. 'ಪೊದುಪು ಲಕ್ಷ್ಮಿ' ಎಂದು ಅದಕ್ಕೆ ಹೆಸರು. ಓದು ಮೊದಲು ಬಂತು, ಒಗ್ಗಟ್ಟು ಆಮೇಲೆ, ಹಣ ಕೊನೆಗೆ. ನಾವು ಈಗ ಮಾಡುತ್ತಿರುವುದು ತಿರುಗಾಮುರುಗಾ: ಮೊದಲು ಸಾಲ, ಆಮೇಲೆ ಸಹಿ.

ಸಾಲ ಒಂದರಿಂದಲೇ ಬದುಕು ಬದಲಾಗುತ್ತದೆ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಿ. ಬಾಂಗ್ಲಾದೇಶದ ಗ್ರಾಮೀಣ್ ಬ್ಯಾಂಕಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಕಿರುಸಾಲದ ಬಗ್ಗೆ ದೊಡ್ಡ ನಿರೀಕ್ಷೆ ಇತ್ತು. 2015ರಲ್ಲಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಭಾರತದ್ದು ಹೈದರಾಬಾದಿನ ಬಡಾವಣೆಗಳಲ್ಲಿ ನಡೆದದ್ದು. ಕಿರುಸಾಲ ಸಿಕ್ಕವರ ವ್ಯಾಪಾರ ಸ್ವಲ್ಪ ಬೆಳೆಯಿತು, ಆಯ್ಕೆಯ ಸ್ವಾತಂತ್ರ್ಯವೂ ಸ್ವಲ್ಪ ಹೆಚ್ಚಿತು, ಆದರೆ ಮನೆಯ ಸರಾಸರಿ ವರಮಾನವನ್ನು ಮೇಲೆತ್ತುವಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ. ಇದರಿಂದ ನಾನು ಎದೆಗುಂದುವುದಿಲ್ಲ. ಸಾಲ ಬರೀ ಒಂದು ಉಪಕರಣ. ಅದರ ಹಿಡಿ ಯಾರ ಕೈಯಲ್ಲಿದೆ ಎನ್ನುವುದು ಲೆಕ್ಕದಲ್ಲಿ ಗೊತ್ತಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಸದಸ್ಯೆಗೆ ಸಂಘದಿಂದ ₹10,000 ಸಾಲ. ಹತ್ತು ತಿಂಗಳು, ನೂರಕ್ಕೆ ಎರಡು ಬಡ್ಡಿ. ನಮ್ಮ ಬಾಯಲ್ಲಿ 'ನೂರಕ್ಕೆ ಎರಡು' ಎಂದರೆ ತಿಂಗಳಿಗೆ. ವರ್ಷಕ್ಕೆ ಶೇ 24. ಬ್ಯಾಂಕಿನವರು 'ಶೇ 7' ಎಂದರೆ ವರ್ಷಕ್ಕೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ 'ಬ್ಯಾಂಕಿನಲ್ಲಿ ನೂರಕ್ಕೆ ಏಳಂತೆ, ಸಾಹುಕಾರನದ್ದು ಬರೀ ಮೂರು' ಎಂದುಕೊಂಡು ಮೋಸ ಹೋದವರು ಇದ್ದಾರೆ. ಹಾಗಾಗಿ ಯಾವ ಬಡ್ಡಿಯ ಮಾತು ಬಂದರೂ 'ತಿಂಗಳಿಗೋ ವರ್ಷಕ್ಕೋ?' ಎಂದು ಕೇಳುವುದನ್ನು ಮೊದಲ ಪಾಠ ಮಾಡಿ. ಇದಕ್ಕೆ ಅಕ್ಷರವೂ ಬೇಕಿಲ್ಲ.

ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು ಅಸಲು 1,000, ಬಡ್ಡಿ 200, ಒಟ್ಟು 1,200. ಎರಡನೇ ತಿಂಗಳು ಉಳಿದ ಅಸಲು 9,000, ಬಡ್ಡಿ 180, ಒಟ್ಟು 1,180. ಹೀಗೆ ತಿಂಗಳಿಗೆ 20 ಇಳಿಯುತ್ತಾ ಕೊನೆಯ ಕಂತು 1,020. ಒಟ್ಟು ಬಡ್ಡಿ ₹1,100. ಲೆಕ್ಕ ಸುಲಭವಾಗಲಿ ಎಂದು ಹತ್ತೂ ತಿಂಗಳು 1,200 ವಸೂಲಿ ಮಾಡಿದರೆ ಬಡ್ಡಿ ₹2,000 ಆಗುತ್ತದೆ. ₹900 ಹೆಚ್ಚು. ಅದು ಪುಸ್ತಕಕ್ಕೆ ಬಂದರೆ ಸಂಘದ ನಿಧಿಗಾದರೂ ಸೇರುತ್ತದೆ. ಬಾರದಿದ್ದರೆ ಎಲ್ಲಿ ಹೋಯಿತೆಂದು ಕೇಳುವವರೇ ಇಲ್ಲ. ಇದು ಯಾವಾಗಲೂ ಕಳ್ಳತನವೇ ಆಗಬೇಕಿಲ್ಲ, ಬರೆಯುವವರಿಗೇ ಉಳಿದ ಅಸಲಿನ ಲೆಕ್ಕ ಬಾರದೆಯೂ ಹೀಗಾಗುತ್ತದೆ. ಸದಸ್ಯೆಗೆ ಗೊತ್ತಿರಬೇಕಾದದ್ದು ಒಂದೇ: ಕಂತು ಪ್ರತಿ ತಿಂಗಳು ಇಳಿಯುತ್ತಿರಬೇಕು. ಹೋದ ತಿಂಗಳ ಅಂಕಿಯೂ ಈ ತಿಂಗಳ ಅಂಕಿಯೂ ಒಂದೇ ಇದ್ದರೆ 'ಯಾಕೆ?' ಎಂದು ಕೇಳಬೇಕು. ಎರಡು ಅಂಕಿಗಳನ್ನು ಹೋಲಿಸುವಷ್ಟು ಓದು ಬಂದರೂ ₹900 ಉಳಿಯಿತು.

ವಾರದ ಕಂತಿನ ಖಾಸಗಿ ಸಾಲ ಇದಕ್ಕಿಂತ ಜಟಿಲ. ₹30,000 ಸಾಲಕ್ಕೆ 50 ವಾರ, ವಾರಕ್ಕೆ ₹690 ಎಂದಿಟ್ಟುಕೊಳ್ಳಿ. ಕಟ್ಟುವುದು ಒಟ್ಟು ₹34,500. 'ಮೂವತ್ತಕ್ಕೆ ನಾಲ್ಕೂವರೆ ಸಾವಿರ ತಾನೇ, ಶೇ 15' ಎಂದು ಹೇಳುತ್ತಾರೆ. ಆದರೆ ಅಸಲು ವಾರ ವಾರವೂ ಕರಗುತ್ತಿರುತ್ತದಲ್ಲ, ಆದ್ದರಿಂದ ನಿಜವಾದ ವಾರ್ಷಿಕ ಬಡ್ಡಿ ಶೇ 29ರ ಹತ್ತಿರ. ಮೇಲೆ ವಿಮೆ, ಶುಲ್ಕ ಎಂದು ಮೊದಲೇ ಮುರಿದುಕೊಂಡರೆ ಇನ್ನೂ ಏರುತ್ತದೆ. ಈ ಲೆಕ್ಕವನ್ನು ಕಲಿಯುವವರಿಂದ ಮಾಡಿಸಬೇಡಿ. ಮೂರು ಅಂಕಿಗಳನ್ನು ಬರೆಸಿ: ಕೈಗೆ ಬಂದದ್ದು ಎಷ್ಟು, ಒಂದು ಕಂತು ಎಷ್ಟು, ಎಷ್ಟು ಕಂತು. ಅಷ್ಟು ಬರೆದುಕೊಂಡು ಬಂದರೆ ಉಳಿದದ್ದನ್ನು ನೀವು ಹೇಳಿಕೊಡಬಹುದು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಿರುಸಾಲದ ಬಡ್ಡಿ, ಶುಲ್ಕಗಳ ವಿವರ ಇರುವ ಹಾಳೆಯನ್ನು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟುವಂತಿಲ್ಲ. ಕಿರುಕುಳ ಹೆಚ್ಚಾಗಿ ಜನ ಊರು ಬಿಟ್ಟು ಹೋಗುವಂತಾದಾಗ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಹತ್ತು ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಕಾನೂನು ಇದೆ. ಆದರೆ ಕೈಗೆ ಕೊಟ್ಟ ಹಾಳೆಯನ್ನು ಓದಲಾಗದವಳು ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕುತ್ತಾಳೆ.

ಇನ್ನು ಕಲಿಸುವ ಬಗೆ. ನಮ್ಮ ಪ್ರಾಥಮಿಕ ಸಾಕ್ಷರತೆಯ ಪಾಠಕ್ಕೆ 200 ಗಂಟೆ ಎಂದು ಲೆಕ್ಕ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಎಂದರೂ ಆರು ತಿಂಗಳ ಮೇಲಾಯಿತು. ಬಿತ್ತನೆ, ಕಳೆ, ಸುಗ್ಗಿ, ಜಾತ್ರೆ, ಮದುವೆಯ ತಿಂಗಳುಗಳನ್ನು ಕಳೆದರೆ ಒಂದು ವರ್ಷ ಹಿಡಿಯುತ್ತದೆ ಎಂದೇ ಯೋಜನೆ ಹಾಕಿಕೊಳ್ಳಿ. ಬಿಡುವಿನ ನಂತರ ಬಿಟ್ಟಲ್ಲಿಂದ ಮುಂದುವರಿಸಬೇಡಿ, ನಾಲ್ಕು ಪಾಠ ಹಿಂದಕ್ಕೆ ಹೋಗಿ. ಮರೆತದ್ದಕ್ಕೆ ನಾಚಿ ಬರುವುದನ್ನೇ ನಿಲ್ಲಿಸುವವರು ಈ ಹಂತದಲ್ಲೇ ಹೆಚ್ಚು.

ವರ್ಣಮಾಲೆಯಿಂದ ಶುರು ಮಾಡಬೇಡಿ. 'ಋ' ಎಂದು ಬರೆಯುವ ಅಗತ್ಯ ಸಂಘದ ಪುಸ್ತಕದಲ್ಲಿ ಎಲ್ಲಿದೆ? ಮೊದಲ ಎರಡು ಪದ 'ಹಣ' ಮತ್ತು 'ಸಾಲ'. ಹ, ಣ, ಸ, ಲ ನಾಲ್ಕು ಅಕ್ಷರ, ಜೊತೆಗೆ ಒಂದು ಇಳಿ. ಆಮೇಲೆ ಕೊಂಬು ಹೇಳಿಕೊಡಿ: 'ಸಾಲ' ಇದ್ದದ್ದು 'ಸಾಲು' ಆಯಿತು, 'ಹಾಲು' ಬಂತು. ಡೇರಿಗೆ ಹಾಲು ಹಾಕುವವರಿಗೆ ಆ ಪದ ಅವರ ಕಾರ್ಡಿನ ಮೇಲೇ ಇರುತ್ತದೆ. ಮರುದಿನ ಕಾರ್ಡು ತಂದು ತೋರಿಸುತ್ತಾರೆ. ಮೂರನೇ ಮೆಟ್ಟಿಲು 'ಕಂತು': ಇಲ್ಲಿ ಸೊನ್ನೆ ಬರುತ್ತದೆ. ನಾಲ್ಕನೆಯದು 'ಬಡ್ಡಿ', 'ಒಟ್ಟು': ತನ್ನದೇ ಒತ್ತು ಇರುವ ಪದಗಳು, ಇವು ಕಷ್ಟವಾಗುವುದಿಲ್ಲ. ಕಷ್ಟ ಬರುವುದು 'ಶಿಲ್ಕು' (ಕೈಯಲ್ಲಿ ಉಳಿದ ಹಣ), 'ಪುಸ್ತಕ' ಇವುಗಳಲ್ಲಿ, ಒಂದು ಅಕ್ಷರಕ್ಕೆ ಬೇರೊಂದರ ಒತ್ತು ಬಂದಾಗ. ಅವನ್ನು ಮೂರನೇ ತಿಂಗಳವರೆಗೂ ಬರೆಸಬೇಡಿ, ಗುರುತಿಸಿದರೆ ಸಾಕು.

ಕೈ ತಿರುಗುವುದಿಲ್ಲ ಎಂಬ ದೂರು ಮೊದಲ ವಾರ ಬರುತ್ತದೆ. ರಂಗೋಲಿ ಎಳೆ ಎಳೆಯುವ ಬೆರಳಿಗೆ ಕನ್ನಡದ ದುಂಡು ಅಕ್ಷರ ಹೊಸದೇನಲ್ಲ. ತೊಡಕಾಗುವುದು ಪೆನ್ಸಿಲಿನ ತೆಳುವು. ಮೊದಲ ಹದಿನೈದು ದಿನ ಸ್ಲೇಟು, ದಪ್ಪ ಬಳಪ ಕೊಡಿ.

ಅದಕ್ಕಿಂತ ದೊಡ್ಡ ಅಡ್ಡಿ ಕಣ್ಣು. ಇದನ್ನು ತುಸು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ನಾವು ದಡ್ಡತನ ಎಂದು ತಪ್ಪು ತಿಳಿಯುತ್ತೇವೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಸಹಜ. ನಲವತ್ತಕ್ಕೆ ಬರುತ್ತದೆಂದೇ ಹಳಬರು ಕನ್ನಡಕಕ್ಕೆ ಚಾಳೀಸು ಎನ್ನುತ್ತಿದ್ದದ್ದು. ಓದು ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಎಂದೂ ಓದದವಳಿಗೆ ಅಕ್ಷರ ಮಸುಕಾಗಿರುವುದು ಕಣ್ಣಿನಿಂದ ಎಂದು ಹೇಗೆ ಗೊತ್ತಾಗಬೇಕು? 'ನನ್ನ ತಲೆಗೆ ಹತ್ತುವುದಿಲ್ಲ' ಎನ್ನುತ್ತಾಳೆ. ಮೊದಲ ದಿನವೇ ಸೂಜಿಗೆ ದಾರ ಪೋಣಿಸಲು ಕೊಡಿ. ಕೈಯನ್ನು ದೂರಕ್ಕೆ ಚಾಚಿ ಕಣ್ಣು ಕಿರಿದು ಮಾಡಿದವರ ಹೆಸರು ಬರೆದುಕೊಂಡು ಆರೋಗ್ಯ ಕೇಂದ್ರದ ನೇತ್ರ ಪರೀಕ್ಷೆಗೆ ಕಳಿಸಿ. ಬಾಂಗ್ಲಾದೇಶದಲ್ಲಿ 35ರಿಂದ 65 ವಯಸ್ಸಿನ ಹಳ್ಳಿಯ ದುಡಿಯುವವರಿಗೆ ಬರೀ ಓದುವ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಎಂಟು ತಿಂಗಳಲ್ಲಿ ಅವರ ವರಮಾನ ಶೇ 33ರಷ್ಟು ಏರಿತ್ತು. ಸಾಲದಿಂದ ಅಷ್ಟು ಏರಿದ ಉದಾಹರಣೆ ಅಪರೂಪ.

ಅಂಕಿಗಳಲ್ಲಿ ನಮ್ಮ ಹೆಂಗಸರು ಬಾಯಿಲೆಕ್ಕಕ್ಕೆ ಹೆದರುವವರಲ್ಲ. ಸಂತೆಯಲ್ಲಿ ಮೂರೂಕಾಲು ಕಿಲೋಗೆ ಎಷ್ಟಾಯಿತೆಂದು ನಿಮಗಿಂತ ಮೊದಲು ಹೇಳುತ್ತಾರೆ. ಅದೇ ಅಂಕಿಯನ್ನು ಬರೆಯುವಾಗ ಎಡವುವ ಜಾಗ ಒಂದೇ. 'ಸಾವಿರದ ಐದು' ಬರೆಯಿರಿ ಎಂದರೆ 10005 ಎಂದು ಬರೆಯುತ್ತಾರೆ. ಕಿವಿಗೆ ಬಿದ್ದಂತೆ ಸಾವಿರ ಬರೆದು ಪಕ್ಕದಲ್ಲಿ ಐದು. ಇದು ತಪ್ಪು ಎಂದು ಗೀಟು ಎಳೆಯಬೇಡಿ, ಅದರ ಹಿಂದೆ ಒಳ್ಳೆಯ ತರ್ಕವಿದೆ. ಸ್ಲೇಟಿನಲ್ಲಿ ನಾಲ್ಕು ಮನೆ ಎಳೆಯಿರಿ: ಸಾವಿರ, ನೂರು, ಹತ್ತು, ಬಿಡಿ. 'ಈ ಸಭೆಗೆ ನೂರು ಬಂದಿಲ್ಲ, ಹತ್ತೂ ಬಂದಿಲ್ಲ, ಆದರೆ ಅವರ ಜಾಗದಲ್ಲಿ ಬೇರೆಯವರು ಕೂರುವಂತಿಲ್ಲ, ಸೊನ್ನೆ ಇಟ್ಟು ಜಾಗ ಹಿಡಿಯಿರಿ' ಎನ್ನಿ. ಚಾಪೆಯ ಮೇಲೆ ಜಾಗ ಹಿಡಿಯುವುದು ಅವರಿಗೆ ಚೆನ್ನಾಗಿ ಗೊತ್ತು. 1005 ಬಂತು. ಎಚ್ಚರ, ಈ ನಾಲ್ಕು ಮನೆಯನ್ನು ಕನಿಷ್ಠ ಎರಡು ತಿಂಗಳು ಅಳಿಸಬೇಡಿ. ಬೇಗ ತೆಗೆದರೆ ಹಳೆಯ ರೂಢಿ ಮರಳುತ್ತದೆ.

ಕನ್ನಡದ ಅಂಕಿಗಳನ್ನು ಮೊದಲು ಕಲಿಸಬೇಕೋ, 1, 2, 3 ಮೊದಲೋ ಎಂಬ ಚರ್ಚೆ ಪ್ರತಿ ತರಬೇತಿಯಲ್ಲೂ ಬರುತ್ತದೆ. ಕನ್ನಡದ ಅಂಕಿಗಳ ಮೇಲೆ ನನಗೂ ಪ್ರೀತಿಯಿದೆ. ಆದರೆ ಬ್ಯಾಂಕಿನ ಪುಸ್ತಕ, ನೋಟಿನ ದೊಡ್ಡ ಅಂಕಿ, ಮೊಬೈಲು, ಮೀಟರು ಎಲ್ಲದರಲ್ಲೂ ಇರುವುದು 1, 2, 3. ಮೊದಲು ಅದನ್ನೇ ಕಲಿಸಿ. ತಾರೀಖಿಗೆ ಗೋಡೆಯ ಕ್ಯಾಲೆಂಡರಿಗಿಂತ ಒಳ್ಳೆಯ ಪಠ್ಯವಿಲ್ಲ. ಅವರ ದಿನಗಣನೆ ಅಮಾವಾಸ್ಯೆ, ಹುಣ್ಣಿಮೆಯದ್ದು, ಕಂತಿನದ್ದು ತಾರೀಖು. ಒಂದೇ ಹಾಳೆಯಲ್ಲಿ ಎರಡೂ ಇವೆ.

ಸಭೆಯ ದಿನದ ಲೆಕ್ಕ ಹೀಗಿರಲಿ. ನಗದು ಪುಸ್ತಕದಲ್ಲಿ ಆರಂಭದ ಶಿಲ್ಕು ₹1,450 ಇದೆ. ವಾರಕ್ಕೆ ₹20 ಉಳಿತಾಯ, ಹದಿನೈದರಲ್ಲಿ ಹದಿಮೂರು ಜನ ಕಟ್ಟಿದರು, 260. ಇಬ್ಬರ ಕಂತು 1,180 ಮತ್ತು 1,020, ಸೇರಿ 2,200. ತಡವಾಗಿ ಬಂದವಳ ದಂಡ 10. ಒಟ್ಟು 3,920. ಒಬ್ಬಳಿಗೆ ಸಾಲ 3,000, ಪುಸ್ತಕ ಪೆನ್ನಿಗೆ 40. ಉಳಿಯಬೇಕಾದ ಶಿಲ್ಕು ₹880. ಈಗ ಪೆಟ್ಟಿಗೆಯ ಹಣವನ್ನು ಚಾಪೆಯ ಮೇಲೆ ಸುರಿದು, ಪುಸ್ತಕ ಬರೆಯದ ಒಬ್ಬ ಸದಸ್ಯೆ ಎಣಿಸಲಿ. ಎಣಿಸುವವಳು ವಾರಕ್ಕೊಬ್ಬಳು ಬದಲಾಗಲಿ. 880 ಬಂದರೆ ಸಹಿ. ಬಾರದಿದ್ದರೆ ಸಭೆ ಮುಗಿಯಲಿಲ್ಲ, ಮೇಲಿನಿಂದ ಮತ್ತೆ ಓದಬೇಕು. ಈ ಓದು ಪರೀಕ್ಷೆಯದ್ದಲ್ಲವಾದ್ದರಿಂದ ಎಲ್ಲರ ಕಣ್ಣೂ ಪುಸ್ತಕದ ಮೇಲಿರುತ್ತದೆ. ಆಂದೋಲನದ ಕಾಲದಲ್ಲಿ ಅಕ್ಷರ ಕಲಿತವರು ಮತ್ತೆ ಮರೆತದ್ದು ಓದಲು ಏನೂ ಇಲ್ಲದ್ದರಿಂದ. ಸಂಘದ ಪುಸ್ತಕ ವರ್ಷಕ್ಕೆ ಐವತ್ತೆರಡು ಸಲ ತೆರೆಯುತ್ತದೆ.

ಪುಸ್ತಕಕ್ಕೆ ಬ್ಯಾಂಕಿನಲ್ಲೂ ಬೆಲೆಯಿದೆ. ಸಂಘಕ್ಕೆ ಸಾಲ ಕೊಡುವಾಗ ಅದು ಕನಿಷ್ಠ ಆರು ತಿಂಗಳು ನಡೆದಿರಬೇಕು. ಆ ಆರು ತಿಂಗಳನ್ನು ಎಣಿಸುವುದು ಸಂಘದ ಲೆಕ್ಕಪುಸ್ತಕಗಳಿಂದಲೇ ಹೊರತು ಬ್ಯಾಂಕ್ ಖಾತೆ ತೆರೆದ ದಿನದಿಂದಲ್ಲ. ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳಲ್ಲಿ ಮೊದಲ ನಾಲ್ಕಕ್ಕೆ ಆಧಾರವೂ ಐದನೆಯದೇ. ಸಂಜೀವಿನಿಯಲ್ಲಿ ಮೊದಲ ಬ್ಯಾಂಕ್ ಸಾಲ ಸಂಘದ ಸ್ವಂತ ನಿಧಿಯ ಆರು ಪಟ್ಟು ಅಥವಾ ಕನಿಷ್ಠ ಒಂದೂವರೆ ಲಕ್ಷ, ಯಾವುದು ಹೆಚ್ಚೋ ಅದು. ₹3 ಲಕ್ಷದವರೆಗೆ ಬಡ್ಡಿ ಶೇ 7. ₹10 ಲಕ್ಷದವರೆಗೆ ಯಾವ ಅಡಮಾನವೂ ಇಲ್ಲ. ಅಡಮಾನದ ಜಾಗದಲ್ಲಿ ಇರುವುದು ಈ ಪುಸ್ತಕ.

ಕೆಡುವುದು ಎಲ್ಲಿ? ಒಂದು, ಸಹಿ ಕಲಿಸಿ ನಿಲ್ಲಿಸುವುದು. ಜನಗಣತಿಯ ವ್ಯಾಖ್ಯೆಯಲ್ಲೂ ಸಾಕ್ಷರರೆಂದರೆ ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು. ಸಹಿ ಮಾತ್ರ ಬಂದವಳು ಹೆಬ್ಬೆಟ್ಟಿನವಳಿಗಿಂತ ಹೆಚ್ಚು ಅಪಾಯದಲ್ಲಿದ್ದಾಳೆ ಎಂದೇ ನನ್ನ ಎಣಿಕೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಓದಿ ಹೇಳಿದೆವು ಎಂದಾದರೂ ಬರೆಯಬೇಕು. ಸಹಿ ಇದ್ದರೆ ಓದಿಯೇ ಹಾಕಿದ್ದಾಳೆ ಎಂದಾಗುತ್ತದೆ. ಇನ್ನೊಂದು, ಬೇನಾಮಿ ಸಾಲ: ಒಬ್ಬಳ ಹೆಸರಿನಲ್ಲಿ ಠರಾವು, ಹಣ ಇನ್ನೊಬ್ಬಳಿಗೆ. ನಡಾವಳಿಯನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದದ ಸಂಘಗಳಲ್ಲಿ ಇದು ಬೇಗ ಬೇರು ಬಿಡುತ್ತದೆ. ಕೆಲವೊಮ್ಮೆ ಸದಸ್ಯೆಯೇ ಒಪ್ಪಿ ಹೆಸರು ಕೊಟ್ಟಿರುತ್ತಾಳೆ, ಅಕ್ಕ ಕೇಳಿದಳು ಎಂಬ ದಾಕ್ಷಿಣ್ಯಕ್ಕೆ. ಕಂತು ತಪ್ಪಿದ ದಿನ ಬ್ಯಾಂಕು ಹುಡುಕಿಕೊಂಡು ಬರುವುದು ಅವಳನ್ನೇ.

ಹೆಬ್ಬೆಟ್ಟು ಹೋಯಿತು ಎಂದುಕೊಂಡಿದ್ದೆವು, ಅದು ಯಂತ್ರವಾಗಿ ಮರಳಿ ಬಂದಿದೆ. ಊರಿನಲ್ಲೇ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿ ಆಧಾರ್ ಬೆರಳಚ್ಚು ಕೊಟ್ಟು ಹಣ ತೆಗೆಯುವಾಗ 'ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ' ಎಂದರೆ ಅದು ಸವೆದ ಬೆರಳಿನ ತೊಂದರೆಯೂ ಆಗಿರಬಹುದು, ಎರಡನೇ ಸಲ ಹಣ ತೆಗೆಯುವುದೂ ಆಗಿರಬಹುದು. ಪ್ರತಿ ಒತ್ತಿಗೂ ಒಂದು ಚೀಟಿ ಕೇಳಲು ಕಲಿಸಿ. ಮೊಬೈಲಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಪರವಾಗಿಲ್ಲ. ಎರಡೇ ಎರಡು ಪದಗಳ ಆಕಾರ ಗುರುತಿಸಿದರೆ ಸಾಕು, 'ಕ್ರೆಡಿಟೆಡ್' ಮತ್ತು 'ಡೆಬಿಟೆಡ್'. ಬಂದದ್ದು, ಹೋದದ್ದು. ಗೃಹಲಕ್ಷ್ಮಿಯ ₹2,000 ಜಮೆಯಾದ ದಿನ ಆ ಸಂದೇಶವನ್ನೇ ಹಲಗೆಯ ಮೇಲೆ ದೊಡ್ಡದಾಗಿ ಬರೆದು ಪಾಠ ಮಾಡಿ. ಆ ದಿನ ಹಾಜರಿಯೂ ಪೂರ್ತಿ ಇರುತ್ತದೆ.

ಮುಂದಿನ ಸಭೆಯಿಂದಲೇ ಮಾಡಬಹುದಾದ ಕೆಲಸ ಹೇಳಿ ಮುಗಿಸುತ್ತೇನೆ. ಚೀಲ ಬಿಚ್ಚಿ ಪಾಸ್‌ಪುಸ್ತಕಗಳನ್ನು ಹಂಚಿ. ಮಳೆಗೆ ನೆನೆಯದಂತೆ ಒಂದೊಂದು ಪ್ಲಾಸ್ಟಿಕ್ ಕವರು ಹಾಕಿಕೊಡಿ. ಹೆಸರು ಓದಲು ಬಾರದವರ ಪುಸ್ತಕದ ಮೇಲೆ ಅವರೇ ಆರಿಸಿದ ಗುರುತು ಇರಲಿ, ಹೂವೋ ಕುಡುಗೋಲೋ, ಅದರ ಕೆಳಗೆ ಹೆಸರು. ಮೂರು ತಿಂಗಳ ನಂತರ ಗುರುತನ್ನು ಅವರೇ ಬೇಡ ಎನ್ನುತ್ತಾರೆ. ಅಂದಿನ ಬರಹ ಮುಗಿದ ಮೇಲೆ ಪ್ರತಿಯೊಬ್ಬಳೂ ತನ್ನ ಉಳಿತಾಯದ ಒಟ್ಟು ಅಂಕಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೇಳಲಿ, ನೀವು ಲೆಡ್ಜರಿನಲ್ಲಿ ಹೌದೋ ಅಲ್ಲವೋ ನೋಡಿ. ಹದಿನೈದು ಜನಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ನಡಾವಳಿಯಲ್ಲಿ ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಖಾಲಿ ಜಾಗ ಉಳಿದಿದ್ದರೆ, ಅಲ್ಲಿ ಆಮೇಲೆ ಯಾರೂ ಏನನ್ನೂ ಸೇರಿಸದಂತೆ ಓರೆಯಾಗಿ ಒಂದು ಗೆರೆ ಎಳೆಯಿರಿ. ಆ ಗೆರೆ ಎಳೆಯುವ ಕೆಲಸವನ್ನು, ಇನ್ನೂ ಅಕ್ಷರ ಬಾರದವಳ ಕೈಗೆ ಕೊಡಿ.